ಜೋಡಿಸುವವರು ಬೇಕಾದಷ್ಟು ಜನ, ಬಿಚ್ಚುವ ವಿದ್ಯೆ ಬರೆದಿಡುವವರು ಯಾರು?

(ಯುವ ಗೆಳೆಯರ ಕೂಟವೊಂದರಲ್ಲಿ ಮುದ್ರಕರೊಬ್ಬರು ಆಡಿದ ಮಾತಿನ ಬರಹರೂಪ)

ನಾನು ಓದಿದ್ದು ಪಿಯುಸಿ. ಮಾಡುವುದು ಪ್ರಿಂಟಿಂಗ್ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್‌ಬುಕ್ಕು, ಕರಪತ್ರ, ಇವೇ ನನ್ನ ಅನ್ನ. ಇಂಥವನು ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆಯ ಬಗ್ಗೆ ಮಾತಾಡುವುದೇ ಎಂದು ನಗಬೇಡಿ. ನಿಮ್ಮಲ್ಲಿ ಅರ್ಧಕ್ಕರ್ಧ ಜನ ಕೋಡ್ ಬರೆದು ಸಂಬಳ ತರುವವರು. ಬರೆದ ಕೋಡಿಗೆ ಇನ್ನೊಬ್ಬರಿಗೆ ಅರ್ಥವಾಗುವ ಹಾಗೆ ವಿವರಣೆ ಬರೆದವರು ಎಷ್ಟು ಜನ? ಕೈ ಎತ್ತಿ ನೋಡೋಣ. ನೋಡಿದಿರಾ! ಅದಕ್ಕೇ ಈ ಮಾತು.

ಲಿಸ್ಪ್ ನಿನ್ನೆ ಮೊನ್ನೆಯದಲ್ಲ. 1958ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜಾನ್ ಮೆಕಾರ್ತಿ ಇದರ ಕೆಲಸ ಶುರು ಮಾಡಿದರು. 1960ರಲ್ಲಿ ಅವರ ಪ್ರಬಂಧ ಅಚ್ಚಾಯಿತು. 'ಹೀಗಿದ್ದರೆ ಇದು ಮಾಡು, ಹಾಗಿದ್ದರೆ ಅದು ಮಾಡು' ಎಂದು ಸಾಲಾಗಿ ಷರತ್ತು ಹೇಳುವ 'ಕಾಂಡ್' ಎಂಬ ರಚನೆ ಆ ಕಾಲದ್ದು. 1985ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಇಮ್ಯಾಕ್ಸ್ ಎಂಬ ಬರಹದ ತಂತ್ರಾಂಶವನ್ನು ಹೊರಗೆ ಬಿಟ್ಟರು. ಅದರ ಹೊಟ್ಟೆಯೊಳಗೆ ಒಂದು ಲಿಸ್ಪ್ ಇದೆ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಕಾಸು ಕೊಡಬೇಕಾಗಿಲ್ಲ. ನನ್ನ ಪ್ರೆಸ್ಸಿನ ಆರ್ಡರ್ ಲೆಕ್ಕ ಇದರಲ್ಲೇ ನಡೆಯುತ್ತದೆ.

ಈ ಲಿಸ್ಪಿಗೆ 2010ರಲ್ಲಿ ಸ್ಟೆಫಾನ್ ಮೊನ್ನಿಯೆ ಎಂಬುವರು 'ಪಿಕೇಸ್' ಎಂಬ ಮ್ಯಾಕ್ರೋ ಸೇರಿಸಿದರು. 2012ರ ಇಮ್ಯಾಕ್ಸ್ 24.1ರಲ್ಲಿ ಅದು ಎಲ್ಲರ ಕೈಗೂ ಬಂತು. ಇದು ಪೊಲೀಸ್ ಕೇಸಲ್ಲ! ನಮೂನೆಗೆ ಹೊಂದಿಸಿ ನೋಡಿ ತೀರ್ಮಾನ ಮಾಡುವ ಷರತ್ತು. ನನ್ನ ಅಂಗಡಿಯ ಲೆಕ್ಕದಲ್ಲೇ ಹೇಳುತ್ತೇನೆ. ನಮ್ಮಲ್ಲಿ ಆರ್ಡರ್‌ಗಳು ಹೀಗೆ ಪಟ್ಟಿಯಾಗಿ ಇರುತ್ತವೆ:

(ಕರಪತ್ರ 2000)
(ಲಗ್ನಪತ್ರಿಕೆ 500 4)

ಕರಪತ್ರಕ್ಕೆ ಎಷ್ಟು ಪ್ರತಿ, ಲಗ್ನಪತ್ರಿಕೆಗೆ ಎಷ್ಟು ಪ್ರತಿ, ಎಷ್ಟು ಬಣ್ಣ. ಹಳೆಯ 'ಕಾಂಡ್' ಇಟ್ಟುಕೊಂಡರೆ ಇದು ಪಟ್ಟಿಯೇ ಎಂದು ಕೇಳಬೇಕು, ಮೊದಲ ಪದ ಯಾವುದು ಎಂದು ನೋಡಬೇಕು, ಎಷ್ಟು ಪದ ಇವೆ ಎಂದು ಎಣಿಸಬೇಕು, ಆಮೇಲೆ ಎರಡನೆಯದನ್ನು ಕಿತ್ತು ತೆಗೆಯಬೇಕು. ಪಿಕೇಸಿನಲ್ಲಿ ಆರ್ಡರ್ ಹೇಗಿದೆಯೋ ಹಾಗೇ ಚಿತ್ರ ಬರೆದರೆ ಸಾಕು:

(ಪಿಕೇಸ್ ಆರ್ಡರ್
  (`(ಕರಪತ್ರ ,ಎಣಿಕೆ) (ಕರಪತ್ರ-ದರ ಎಣಿಕೆ))
  (`(ಲಗ್ನಪತ್ರಿಕೆ ,ಎಣಿಕೆ ,ಬಣ್ಣ) (ಪತ್ರಿಕೆ-ದರ ಎಣಿಕೆ ಬಣ್ಣ))
  (_ (ಮಾಲೀಕರನ್ನು-ಕೇಳು ಆರ್ಡರ್)))

ಮೇಲಿನಿಂದ ಕೆಳಕ್ಕೆ ಒಂದೊಂದೇ ನಮೂನೆ ಹೊಂದಿಸಿ ನೋಡುತ್ತದೆ. ಮೊದಲು ಯಾವುದು ಹೊಂದಿತೋ ಅದರ ಕೆಲಸ ಮಾಡಿ ನಿಲ್ಲುತ್ತದೆ. ಕೊನೆಯ ಅಡಿಗೆರೆಯ ಅರ್ಥ 'ಏನೇ ಬರಲಿ' ಎಂದು. 'ಪಿಕೇಸ್' ಎಂಬ ಪದವನ್ನು ಯಂತ್ರಕ್ಕೆ ರೋಮನ್ ಅಕ್ಷರದಲ್ಲೇ ಹೊಡೆಯಬೇಕು. ಆದರೆ ಎಣಿಕೆ, ಬಣ್ಣ, ಕರಪತ್ರ-ದರ ಎಂಬ ಹೆಸರುಗಳು ಕನ್ನಡ ಲಿಪಿಯಲ್ಲೇ ಇದ್ದರೂ ಇಮ್ಯಾಕ್ಸ್ ತಕರಾರು ಮಾಡುವುದಿಲ್ಲ. ಪ್ರಪಂಚದ ಭಾಷೆಗಳಲ್ಲಿ ನಮಸ್ಕಾರ ಹೇಳುವ ಅದರ 'ಹಲೋ' ಫೈಲಿನಲ್ಲಿ ಕನ್ನಡದ 'ನಮಸ್ಕಾರ'ವೂ ಇದೆ.

ಆ ಹಿಂದುಮುಂದಾದ ಕೋಟ್ ಗುರುತು, ಆ ಕಾಮಾ, ಇವೆರಡು ಕಂಡರೆ ಹೊಸಬರು ಓಡುತ್ತಾರೆ. ಓಡಬೇಡಿ. ಮೊಳೆ ಅಚ್ಚಿನ ಕಾಲ ನೆನೆಯಿರಿ. ಕಂಪೋಸಿಟರ್ ಕೇಸಿನ ಮನೆಗಳಿಂದ ಮೊಳೆ ಆರಿಸಿ ಪದ ಜೋಡಿಸುತ್ತಿದ್ದ. ಅಚ್ಚಾದ ಮೇಲೆ ಅದೇ ಮೊಳೆಗಳನ್ನು ಬಿಚ್ಚಿ, 'ಕ'ವನ್ನು 'ಕ'ದ ಮನೆಗೆ, ಒತ್ತಕ್ಷರವನ್ನು ಒತ್ತಕ್ಷರದ ಮನೆಗೆ ಮರಳಿ ಹಾಕಬೇಕಿತ್ತು. ಜೋಡಿಸುವುದು ಒಂದು ಕೆಲಸ, ಬಿಚ್ಚುವುದು ಅದರ ತಿರುವು. ಲಿಸ್ಪಿನಲ್ಲಿ ಬ್ಯಾಕ್‌ಕೋಟ್ ಎಂದರೆ ಸಾಮಾನ್ಯವಾಗಿ ಜೋಡಣೆ: ಪಟ್ಟಿ ಕಟ್ಟು, ಕಾಮಾ ಇರುವ ಕಡೆ ಬೆಲೆ ತುಂಬು. ಪಿಕೇಸಿನ ಒಳಗೆ ಅದೇ ಗುರುತಿಗೆ ತಿರುವು ಅರ್ಥ: ಪಟ್ಟಿ ಬಿಚ್ಚು, ಕಾಮಾ ಇರುವ ಕಡೆ ಸಿಕ್ಕಿದ್ದನ್ನು ಆ ಹೆಸರಿನ ಮನೆಗೆ ಹಾಕು. ಇಷ್ಟು ತಿಳಿದರೆ ಅರ್ಧ ಪಿಕೇಸ್ ತಿಳಿದ ಹಾಗೆ.

ಇಷ್ಟು ಚೆನ್ನಾದ ಸಾಧನ. ಆದರೂ ವರ್ಷಗಟ್ಟಲೆ ಜನ ಇದನ್ನು ಬೈದರು. ಕೋಡಿನಲ್ಲಿ ಪಿಕೇಸ್ ಕಂಡರೆ ಓದಲಾಗುವುದಿಲ್ಲ ಎಂದರು. ಯಾಕೆ? ಸಾಧನ ಕೆಟ್ಟದೆಂದೇ? ಮೊದಲ ಕೈಪಿಡಿ ಅಷ್ಟು ಬಿಗಿಯಾಗಿತ್ತು! ಯು-ನಮೂನೆ, ಕ್ಯೂ-ನಮೂನೆ ಎಂದು ಎರಡು ಜಾತಿ ಮಾಡಿ ವ್ಯಾಕರಣದ ಸೂತ್ರದ ಹಾಗೆ ಬರೆದಿತ್ತು. ಗೊತ್ತಿದ್ದವನಿಗೆ ಅದು ನೆನಪಿನ ಚೀಟಿ, ಗೊತ್ತಿಲ್ಲದವನಿಗೆ ಮುಚ್ಚಿದ ಬಾಗಿಲು. 2018ರಲ್ಲಿ ಆ ವಿವರಣೆಯನ್ನು ಬುಡಸಮೇತ ಹೊಸದಾಗಿ ಬರೆದರು. ಈಗ ಇಮ್ಯಾಕ್ಸ್ ಲಿಸ್ಪ್ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಭಾಗವೇ ಇದೆ. ಮೊದಲು ಮ್ಯಾಕ್ರೋ, ಆಮೇಲೆ ಅದನ್ನು ಬೆಳೆಸುವ ಬಗೆ, ಆಮೇಲೆ ಬ್ಯಾಕ್‌ಕೋಟ್ ನಮೂನೆ, ಕೊನೆಗೆ ಬಿಚ್ಚುವ ನಮೂನೆ. ಎಂಟು ವರ್ಷ! ಕೋಡ್ ಬಂದದ್ದು 2010ಕ್ಕೆ, ಬಾಗಿಲು ಸರಿಯಾಗಿ ತೆರೆದದ್ದು 2018ಕ್ಕೆ. ಈ ನಡುವೆ ಹೊರಗೆ ನಿಂತು ಮರಳಿ ಹೋದವರ ಲೆಕ್ಕ ಇಟ್ಟವರು ಯಾರು?

ಒಳ್ಳೆಯ ವಿವರಣೆ ಎಂದರೆ ಏನೇನು ಹೇಳಬೇಕು? ನಾಲ್ಕು ಗುಂಡಿಗಳನ್ನು ತೋರಿಸುತ್ತೇನೆ.

ಒಂದು. ಬರೀ ಹೆಸರು ಬರೆದರೆ ಅದು ಹೋಲಿಕೆ ಅಲ್ಲ. 'ಕನಿಷ್ಠ' ಎಂಬ ವೇರಿಯಬಲ್‌ನಲ್ಲಿ 100 ಇದೆ ಎಂದಿಟ್ಟುಕೊಳ್ಳಿ. ಪಿಕೇಸಿನ ನಮೂನೆಯ ಜಾಗದಲ್ಲಿ ಸುಮ್ಮನೆ ಕನಿಷ್ಠ ಎಂದು ಬರೆದರೆ '100ಕ್ಕೆ ಸಮವೇ' ಎಂದು ಅದು ಕೇಳುವುದಿಲ್ಲ. ಏನೇ ಬಂದರೂ ಒಪ್ಪಿಕೊಂಡು, ಬಂದದ್ದಕ್ಕೆ ಕನಿಷ್ಠ ಎಂದು ಹೊಸ ಹೆಸರಿಡುತ್ತದೆ! ನಿಜವಾಗಿ ಹೋಲಿಸಬೇಕಾದರೆ 'ಪ್ರೆಡ್' ಇದೆ, 'ಗಾರ್ಡ್' ಇದೆ. ಮೊದಲನೆಯದು ಬಂದ ಬೆಲೆಯನ್ನು ಒಂದು ಫಂಕ್ಷನ್ನಿಗೆ ಕೊಟ್ಟು ಪರೀಕ್ಷಿಸುತ್ತದೆ. ಎರಡನೆಯದರಲ್ಲಿ ನಿಮಗೆ ಬೇಕಾದ ಯಾವ ಷರತ್ತನ್ನಾದರೂ ಬರೆಯಬಹುದು. ಪದವನ್ನು ಪದವಾಗಿಯೇ ಹೋಲಿಸಬೇಕಾದರೆ ಮುಂದೆ ಒಂಟಿ ಕೋಟ್ ಹಾಕಿ.

ಎರಡು. ಯಾವ ನಮೂನೆಯೂ ಹೊಂದದಿದ್ದರೆ ಪಿಕೇಸ್ ಕೂಗುವುದಿಲ್ಲ. ಸುಮ್ಮನೆ 'ನಿಲ್' ಕೊಟ್ಟು ಕೂರುತ್ತದೆ. ನಮ್ಮ ಅಂಗಡಿಯಲ್ಲಿ ಇದರ ಅರ್ಥ ಬಿಲ್ ಇಲ್ಲದೆ ಮಾಲು ಹೊರಗೆ ಹೋದ ಹಾಗೆ. ಕೂಗಬೇಕು ಅನ್ನಿಸಿದರೆ 'ಪಿಕೇಸ್-ಎಕ್ಸಾಸ್ಟಿವ್' ಬಳಸಿ. ಯಾವುದೂ ಹೊಂದದಿದ್ದರೆ ಅದು ತಪ್ಪು ಎಂದು ನಿಲ್ಲಿಸುತ್ತದೆ.

ಮೂರು. ಉದ್ದವೂ ನಮೂನೆಯ ಭಾಗ. ಮೇಲಿನ ಕರಪತ್ರದ ನಮೂನೆಗೆ ಎರಡೇ ಪದ. ಯಾರಾದರೂ (ಕರಪತ್ರ 2000 "ಅರ್ಜೆಂಟ್") ಎಂದು ಬರೆದರೆ ಅದು ಹೊಂದುವುದಿಲ್ಲ, ಕೊನೆಯ ಅಡಿಗೆರೆಗೆ ಜಾರುತ್ತದೆ. ಮುಂದೆ ಏನಿದ್ದರೂ ಸರಿ ಎನ್ನಬೇಕಾದರೆ ಚುಕ್ಕೆ ಇಟ್ಟು ಹೀಗೆ ಬರೆಯಬೇಕು: `(ಕರಪತ್ರ ,ಎಣಿಕೆ . ,ಉಳಿದದ್ದು).

ನಾಲ್ಕು. ಸಾಲಿನ ಕ್ರಮ. 'ಏನೇ ಬರಲಿ' ಎಂಬ ಅಡಿಗೆರೆಯನ್ನು ಮೊದಲ ಸಾಲಿಗೆ ಹಾಕಿದರೆ ಕೆಳಗಿನ ಸಾಲುಗಳೆಲ್ಲ ಸತ್ತ ಸಾಲುಗಳು. 'ಕಾಂಡ್' ರೂಢಿಯವರು ಕೊನೆಗೆ 'ಟಿ' ಬರೆದುಬಿಡುತ್ತಾರೆ. ಪಿಕೇಸಿನಲ್ಲಿ ಆ ಜಾಗ ಅಡಿಗೆರೆಯದು.

ನೋಡಿ, ಈ ನಾಲ್ಕೂ ಕೋಡನ್ನು ದಿಟ್ಟಿಸಿದರೆ ಕಾಣುವುದಿಲ್ಲ. ಬರೆದು ಹೇಳಿದರೆ ಮಾತ್ರ ಕಾಣುತ್ತವೆ. ಏನು ಮಾಡುತ್ತದೆ ಎಂದು ಹೇಳುವುದು ಅರ್ಧ ವಿವರಣೆ. ಏನು ಮಾಡುವುದಿಲ್ಲ, ಎಲ್ಲಿ ಕಾಲು ಜಾರುತ್ತದೆ ಎಂದು ಹೇಳುವುದು ಉಳಿದರ್ಧ. ಮೊದಲು ಚಿಕ್ಕ ಉದಾಹರಣೆ, ಆಮೇಲೆ ನಿಯಮ, ಆಮೇಲೆ ಗುಂಡಿ. ಹೊಂದುವ ಒಂದು ಉದಾಹರಣೆ ಕೊಟ್ಟರೆ, ಪಕ್ಕದಲ್ಲೇ ಹೊಂದದ ಒಂದನ್ನೂ ಕೊಡಿ. ಓದುವವನು ಕಲಿಯುವುದು ಎರಡರ ನಡುವಿನ ವ್ಯತ್ಯಾಸದಿಂದ.

ಇನ್ನೊಂದು ಜಾಣತನ ಹೇಳಲೇಬೇಕು. ಪಿಕೇಸಿಗೆ ನೀವೇ ಹೊಸ ನಮೂನೆ ಸೇರಿಸಬಹುದು, ಅದಕ್ಕೆ 'ಪಿಕೇಸ್-ಡೆಫ್‌ಮ್ಯಾಕ್ರೋ' ಇದೆ. ಅದರ ಜೊತೆ ನಾಲ್ಕು ಸಾಲು ವಿವರಣೆ ಬರೆದಿರೋ, ಆಮೇಲೆ ಯಾರೇ ಕಂಟ್ರೋಲ್-ಎಚ್, ಎಫ್ ಒತ್ತಿ ಪಿಕೇಸ್ ಎಂದು ಕೇಳಿದರೂ ಮೂಲ ವಿವರಣೆಯ ಕೆಳಗೆ ನಿಮ್ಮ ಸಾಲುಗಳೂ ತಾವಾಗಿ ಬಂದು ಕೂರುತ್ತವೆ. ಬೇರೆ ಕೈಪಿಡಿ ಅಚ್ಚು ಹಾಕಿಸಬೇಕಾಗಿಲ್ಲ. ಮುದ್ರಕನಾದ ನನಗೆ ಇದರಿಂದ ನಷ್ಟ, ಆದರೂ ಮೆಚ್ಚುತ್ತೇನೆ! ಯಂತ್ರ ಜಾಗ ಮಾಡಿಕೊಟ್ಟಿದೆ. ಸಾಲು ಬರೆಯುವವರು ನಾವೇ. ಬರೆಯದಿದ್ದರೆ ಆ ಜಾಗ ಖಾಲಿ.

ಎಲ್ಲರೂ ಪಿಕೇಸನ್ನು ಒಪ್ಪಿದ್ದಾರೆ ಎಂದೇನೂ ಅಲ್ಲ. ಇಮ್ಯಾಕ್ಸಿನ ಮೂಲಪುರುಷ ಸ್ಟಾಲ್‌ಮನ್ ಅವರೇ ಇದಕ್ಕೆ ಪರ್ಯಾಯವಾಗಿ 'ಕಾಂಡ್-ಸ್ಟಾರ್' ಎಂಬ ಮ್ಯಾಕ್ರೋ ಬರೆದರು. ಸಾಮಾನ್ಯ ಷರತ್ತನ್ನೂ ನಮೂನೆ ಹೋಲಿಕೆಯನ್ನೂ ಒಂದೇ ಕಡೆ ಬರೆಯಲು ಅದು ಬಿಡುತ್ತದೆ. 2024ರಲ್ಲಿ ಅದು ಇಮ್ಯಾಕ್ಸಿನ ಮೂಲ ಕೋಡಿಗೆ ಸೇರಿತು. ಯಾವುದು ಮೇಲು ಎಂಬ ಜಗಳ ನನಗೆ ಬೇಡ. ಒಂದು ಮಾತು ಮಾತ್ರ ಹೇಳುತ್ತೇನೆ: ಎರಡನ್ನೂ ತೂಗಿ ನೋಡಬೇಕಾದವನ ಕೈಯಲ್ಲಿ ಎರಡರ ವಿವರಣೆಯೂ ಇರಬೇಕು. ವಿವರಣೆ ಇಲ್ಲದ ಕಡೆ ಗೆಲ್ಲುವುದು ಗುಣ ಅಲ್ಲ, ರೂಢಿ.

ಮೊಳೆ ಅಚ್ಚಿನ ಕಾಲದಲ್ಲಿ ಹಳೆಯ ಕಂಪೋಸಿಟರ್‌ಗಳು ಕಣ್ಣು ಮುಚ್ಚಿ ಮೊಳೆ ತೆಗೆಯುತ್ತಿದ್ದರು. ಯಾವ ಒತ್ತಕ್ಷರ ಎಲ್ಲಿ, ಯಾವ ಮೊಳೆ ಸವೆದಿದೆ, ಯಾವುದನ್ನು ಯಾವುದರ ಪಕ್ಕ ಇಟ್ಟರೆ ಮುರಿಯುತ್ತದೆ, ಎಲ್ಲ ಅವರ ಬೆರಳಲ್ಲಿತ್ತು. ಕಾಗದದ ಮೇಲೆ ಇರಲಿಲ್ಲ. ಅವರು ಹೋದರು, ವಿದ್ಯೆಯೂ ಹೋಯಿತು. ಈಗ ಕೇಸುಗಳು ಗುಜರಿ ಸೇರಿವೆ. ನಿಮ್ಮ ಕೋಡಿಗೆ ಅದೇ ಗತಿ ಬರಬೇಕೇ? ನೀವು ಕಂಪನಿ ಬದಲಿಸುತ್ತೀರಿ, ಊರು ಬದಲಿಸುತ್ತೀರಿ. ನೀವು ಬಿಟ್ಟು ಹೋದ ಕುರ್ಚಿಯಲ್ಲಿ ನಾಳೆ ಕೂರುವ ಹುಡುಗಿ ಯಾರನ್ನು ಕೇಳಬೇಕು?

ಆದ್ದರಿಂದ ಗೆಳೆಯರೆ, ಇವತ್ತು ಮನೆಗೆ ಹೋಗಿ ದೊಡ್ಡ ಗ್ರಂಥ ಬರೆಯಬೇಡಿ. ನೀವೇ ಬರೆದ ಒಂದೇ ಒಂದು ಷರತ್ತು ತೆಗೆದುಕೊಳ್ಳಿ. ಅದು ಯಾವುದಕ್ಕೆ ಹೊಂದುತ್ತದೆ, ಯಾವುದಕ್ಕೆ ಹೊಂದುವುದಿಲ್ಲ, ಯಾವುದೂ ಹೊಂದದಿದ್ದರೆ ಏನಾಗುತ್ತದೆ, ಈ ಮೂರು ಸಾಲನ್ನು ಕೋಡಿನ ತಲೆಯ ಮೇಲೆ ಬರೆಯಿರಿ. ನಾಳೆ ಇನ್ನೊಂದು. ಮೂರು ಸಾಲಿಗೆ ಐದು ನಿಮಿಷ ಸಾಕು. ಎಂಟು ವರ್ಷ ಕಾಯಿಸಬೇಡಿ.