ಅನ್ಯಾಯದ ಬಹುಮಾನಕ್ಕೆ ನಾವು ಸಾಕ್ಷಿಗಳಾಗಬಾರದು

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಅವನ ಅಂತಿಮ ಸಂದೇಶವಾಹಕರ(ಸ) ಮೇಲೆ ಸಲಾತ್ ಮತ್ತು ಸಲಾಮ್ ಇರಲಿ.



ಹಝ್ರತ್ ಬಶೀರ್(ರ) ತಮ್ಮ ಮಗ ನುಅಮಾನ್‌ಗೆ ಒಂದು ಉಡುಗೊರೆ ಕೊಟ್ಟರು. ಪ್ರವಾದಿಯವರು(ಸ) ಸಾಕ್ಷಿಯಾಗದೆ ತಾನು ಇದನ್ನು ಒಪ್ಪುವುದಿಲ್ಲ ಎಂದು ಹುಡುಗನ ತಾಯಿ ಹೇಳಿದರು. ಬಶೀರ್(ರ) ಪ್ರವಾದಿಯವರ(ಸ) ಬಳಿಗೆ ಹೋದರು. ಪ್ರವಾದಿಯವರು(ಸ) ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀರಾ? ಇಲ್ಲ ಎಂಬ ಉತ್ತರ ಬಂತು. ಅಲ್ಲಾಹನನ್ನು ಭಯಪಡಿರಿ, ಮಕ್ಕಳ ನಡುವೆ ನ್ಯಾಯ ಪಾಲಿಸಿರಿ ಎಂದು ಅವರು ತಿಳಿಸಿದರು. ಅನ್ಯಾಯಕ್ಕೆ ಸಾಕ್ಷಿಯಾಗಲು ಒಪ್ಪಲಿಲ್ಲ. ಬಶೀರ್(ರ) ಉಡುಗೊರೆಯನ್ನು ಹಿಂಪಡೆದರು. ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿ ಈ ಹದೀಸ್ ಇದೆ.

ಮನೆಯೊಳಗೆ ಮಕ್ಕಳಿಗೆ ಕೊಡುವ ಉಡುಗೊರೆಯಲ್ಲೇ ಇಷ್ಟು ಎಚ್ಚರ ಬೇಕಾದರೆ, ಇಡೀ ಊರಿನ ಮುಂದೆ ಕೊಡುವ ಬಹುಮಾನದಲ್ಲಿ ಎಷ್ಟು ಎಚ್ಚರ ಬೇಕು!

2023ರ ಆಗಸ್ಟ್ 15ರಂದು ಗುಜರಾತಿನ ಒಂದು ಹಳ್ಳಿಯ ಶಾಲೆಯಲ್ಲಿ ಪ್ರತಿಭಾವಂತ ಮಕ್ಕಳಿಗೆ ಸನ್ಮಾನ ನಡೆಯಿತು. ಹತ್ತನೇ ತರಗತಿಯಲ್ಲಿ ಶೇ. 87 ಅಂಕ ಪಡೆದು ಶಾಲೆಗೇ ಮೊದಲಿಗಳಾಗಿದ್ದವಳು ಒಬ್ಬ ಮುಸ್ಲಿಮ್ ರೈತನ ಮಗಳು. ಆದರೆ ಅಂದು ವೇದಿಕೆಗೆ ಕರೆದದ್ದು ಎರಡನೇ ಸ್ಥಾನದಿಂದ. ತಂದೆ ಶಾಲೆಗೆ ಹೋಗಿ ಕಾರಣ ಕೇಳಿದರು. ಶಾಲೆಯವರು ಭೇದಭಾವದ ಆರೋಪವನ್ನು ನಿರಾಕರಿಸಿ, ಜನವರಿ 26ರಂದು ಬಹುಮಾನ ಕೊಡುವುದಾಗಿ ಹೇಳಿದರು. ಉಳಿದ ಮಕ್ಕಳಿಗೆ ಅಂದೇ ಕೊಟ್ಟದ್ದನ್ನು ಈಕೆಗೆ ಮಾತ್ರ ಐದು ತಿಂಗಳು ತಡೆದದ್ದೇಕೆ ಎಂಬುದೇ ಆ ತಂದೆಯ ಪ್ರಶ್ನೆಯಾಗಿತ್ತು.

ಇಂಥ ಸುದ್ದಿ ಓದುವಾಗ ನಮ್ಮ ಎದೆ ಸುಡುತ್ತದೆ. ಆ ನೋವು ಸಹಜ. ಆದರೆ ಅಲ್‌ಮಾಇದ ಅಧ್ಯಾಯದ 8ನೇ ಸೂಕ್ತ ಇಲ್ಲೇ ನಮ್ಮ ಕೈ ಹಿಡಿಯುತ್ತದೆ: ಒಂದು ಜನಾಂಗದ ಮೇಲಿನ ದ್ವೇಷ ನಮ್ಮನ್ನು ನ್ಯಾಯದಿಂದ ದೂರ ಸರಿಸಬಾರದು; ನ್ಯಾಯವೇ ತಕ್ವಾಕ್ಕೆ ಹತ್ತಿರ. ಎರಡನೇ ಸ್ಥಾನ ಪಡೆದ ಮಗು ಯಾವ ತಪ್ಪನ್ನೂ ಮಾಡಿಲ್ಲ. ಅದರ ಶ್ರಮವೂ ನಿಜ. ಒಂದು ಶಾಲೆ ಎಡವಿದರೆ ನಮ್ಮ ಮಕ್ಕಳಿಗೆ ಪ್ರೀತಿಯಿಂದ ಅಕ್ಷರ ಕಲಿಸುವ ಸಾವಿರಾರು ಹಿಂದೂ, ಕ್ರೈಸ್ತ ಶಿಕ್ಷಕರನ್ನು ಅದೇ ತಕ್ಕಡಿಯಲ್ಲಿ ತೂಗುವುದೂ ಅನ್ಯಾಯವೇ.

ಹಾಗಾದರೆ ಸುಮ್ಮನಿರಬೇಕೇ? ಬೇಡ. ಸಬ್ರ್ ಎಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ. ನಮ್ಮ ಮಗುವಿಗೆ ಹೀಗಾದರೆ ಮೊದಲು ಮುಖ್ಯೋಪಾಧ್ಯಾಯರನ್ನು ಕಂಡು ಶಾಂತವಾಗಿ ಕೇಳೋಣ. ಅಂಕಪಟ್ಟಿಯ ಪ್ರತಿ ಇಟ್ಟು ಲಿಖಿತ ಮನವಿ ಕೊಡೋಣ, ಸ್ವೀಕೃತಿ ಪಡೆಯೋಣ. ಸರಕಾರಿ ಶಾಲೆಯಾದರೆ ಎಸ್‌ಡಿಎಂಸಿಯ ಗಮನಕ್ಕೆ ತರೋಣ. ಅಲ್ಲೂ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ ಇದ್ದಾರೆ, ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. ಧರ್ಮ, ಜಾತಿ, ಲಿಂಗದ ಆಧಾರದಲ್ಲಿ ಸರಕಾರ ಯಾವ ಪ್ರಜೆಗೂ ಭೇದ ಮಾಡಬಾರದೆಂದು ಸಂವಿಧಾನದ 15ನೇ ವಿಧಿ ಹೇಳುತ್ತದೆ. ಅಳುತ್ತಿರುವ ಮಗುವಿನ ಫೋಟೋವನ್ನು ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಡುವುದು ಮಾತ್ರ ಬೇಡ. ಆ ಮಗು ನಾಳೆಯೂ ಅದೇ ತರಗತಿಯಲ್ಲಿ ಕುಳಿತುಕೊಳ್ಳಬೇಕು.

ಸಹೋದರರೇ, ಅನ್ನಿಸಾ ಅಧ್ಯಾಯದ 135ನೇ ಸೂಕ್ತ ಇನ್ನೂ ಕಠಿಣ. ನಮಗೇ, ನಮ್ಮ ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಪರ ಸಾಕ್ಷಿ ನಿಲ್ಲಬೇಕೆಂದು ಅದು ಆಜ್ಞಾಪಿಸುತ್ತದೆ. ನಮ್ಮ ಮದ್ರಸದ ವಾರ್ಷಿಕೋತ್ಸವದಲ್ಲಿ ಬಹುಮಾನದ ಪಟ್ಟಿ ಹೇಗೆ ತಯಾರಾಗುತ್ತದೆ? ಹೆಚ್ಚು ಚಂದಾ ಕೊಡುವವರ ಮಗನಿಗೂ ಕೂಲಿಕಾರನ ಮಗನಿಗೂ ಒಂದೇ ಅಳತೆಯೇ? ಮಗ ಪಾಸಾದರೆ ಬಿರಿಯಾನಿ ಮಾಡಿಸುವ ನಾವು, ಮಗಳು ಮೊದಲಿಗಳಾದಾಗ ‘ಇನ್ನು ಓದಿದ್ದು ಸಾಕು’ ಎನ್ನುತ್ತೇವೆಯೇ? ಗಂಡಾಗಲಿ ಹೆಣ್ಣಾಗಲಿ, ಯಾರ ಕರ್ಮವನ್ನೂ ವ್ಯರ್ಥಗೊಳಿಸುವುದಿಲ್ಲ ಎಂದು ಅಲ್ಲಾಹನು ಆಲಿ ಇಮ್ರಾನ್ ಅಧ್ಯಾಯದಲ್ಲಿ (3:195) ಮಾತು ಕೊಟ್ಟಿದ್ದಾನೆ. ಅವನು ವ್ಯರ್ಥಗೊಳಿಸದ ಶ್ರಮವನ್ನು ತಡೆಯಲು ನಾವು ಯಾರು?

ಹೆಸರು ಕರೆಯದೆ ಉಳಿದ ಮಗುವಿಗೆ ಮನೆಯಲ್ಲಿ ಈ ಮಾತು ಹೇಳೋಣ: ಮಗಾ, ನೀನು ಕಲಿತದ್ದನ್ನು ಯಾರೂ ನಿನ್ನಿಂದ ಕಿತ್ತುಕೊಳ್ಳಲಾರರು. ನಿನ್ನ ಹಕ್ಕನ್ನು ನಾವು ಕೇಳುತ್ತೇವೆ, ನೀನು ಓದು ಬಿಡಬೇಡ. ಮುಂದೊಂದು ದಿನ ನೀನೇ ಬಹುಮಾನ ಹಂಚುವ ಸ್ಥಾನಕ್ಕೆ ಬಂದರೆ, ಯಾರ ಹೆಸರನ್ನೂ ಬಿಡಬೇಡ.

ಅಲ್ಲಾಹನು ನಮ್ಮ ಮಕ್ಕಳ ಮನಸ್ಸನ್ನು ಕಹಿಯಿಂದ ಕಾಪಾಡಲಿ. ನಮ್ಮನ್ನು ನ್ಯಾಯದ ಸಾಕ್ಷಿಗಳನ್ನಾಗಿ ಮಾಡಲಿ. ಆಮೀನ್.