ಕಾಲಡಿಯ ಮಣ್ಣಲ್ಲೇ ಮನೆ



ಚಿತ್ರದುರ್ಗ ಸೀಮೆಯ ಮಾಳಿಗೆ ಮನೆಯೊಳಗೆ ನಡುಬೇಸಿಗೆಯಲ್ಲಿ ಕಾಲಿಟ್ಟಿದ್ದೀರಾ? ದಪ್ಪ ಮಣ್ಣಿನ ಗೋಡೆ, ಮೇಲೆ ಕರ್ಲು (ಚೌಳು) ಮಣ್ಣಿನ ಮಾಳಿಗೆ, ಬೆಳಕಿಗೊಂದು ಗವಾಕ್ಷಿ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪು. ಮಳೆಗಾಲಕ್ಕೆ ಮುಂಚೆ ಮನೆಮಂದಿಯೆಲ್ಲ ಸೇರಿ ಮಾಳಿಗೆಗೆ ಹೊಸ ಕರ್ಲು ಹಾಕಬೇಕಿತ್ತು. ಆ ದುಡಿಮೆಗೆ ಬೇಸತ್ತು ಆರ್‌ಸಿಸಿ ಮನೆಗೆ ಹೋದೆವು, ತಪ್ಪೇನಲ್ಲ. ಆದರೆ ತಂಪನ್ನೂ ಬಿಟ್ಟುಕೊಟ್ಟೆವು.

ಮತ್ತೆ ಮಣ್ಣಿನಲ್ಲೇ ಮನೆ ಕಟ್ಟಲು ಒಂದು ದಾರಿ ತೋರಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು. 1974ರಲ್ಲಿ ಅಲ್ಲಿ ಹುಟ್ಟಿದ ಗ್ರಾಮೀಣ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರದಲ್ಲಿ, ಮಣ್ಣು ಮರಳಿಗೆ ಶೇಕಡಾ 7ರ ಆಸುಪಾಸು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡಿದರು. ಸುಡಬೇಕಿಲ್ಲ, ಸೌದೆ ಬೇಡ. ಮೂರ್ನಾಲ್ಕು ವಾರ ನೀರುಣಿಸಿದರೆ ಸಾಕು. ಆದರೆ ಎಲ್ಲ ಮಣ್ಣೂ ಇದಕ್ಕೆ ಆಗದು. ಹಿರಿಯೂರು ಕಡೆಯ ಎರೆಮಣ್ಣು ಹಿಗ್ಗುತ್ತದೆ, ಬಿರಿಯುತ್ತದೆ. ಅದು ಹಾಗೇ ಒಗ್ಗದು. ಹೊಳಲ್ಕೆರೆ, ಹೊಸದುರ್ಗದ ಮರಳುಮಿಶ್ರಿತ ಕೆಂಪು ಮಣ್ಣಾದರೆ ಹೇಳಿ ಮಾಡಿಸಿದಂತೆ.

ಮನೆ ಕಟ್ಟಿಸುವವರಲ್ಲಿ ಒಂದು ಮನವಿ. ಪಾಯ ತೆಗೆದ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿ ಕಳಿಸುವ ಮುನ್ನ, ಅದರಲ್ಲಿ ಇಟ್ಟಿಗೆ ಆಗುತ್ತದೆಯೇ ಎಂದು ಬಲ್ಲ ಎಂಜಿನಿಯರಿಗೆ ಒಮ್ಮೆ ತೋರಿಸಿ.