ಗಾಳಿಗೆ ಅಂಜದ ಕುಂಡದ ಗಿಡಗಳು

ಬೆಂಗಳೂರು, ಮೈಸೂರುಗಳಲ್ಲಿ ಆಷಾಢವು ಕಾಲಿಟ್ಟಿತೆಂದರೆ ಮಹಡಿಯ ಮೇಲೆ ಗಿಡ ಸಾಕಿದವರಿಗೆ ನಿದ್ರೆಯಿಲ್ಲ. ಪಡುವಣದಿಂದ ಬೀಸುವ ಗಾಳಿಯು ರಾತ್ರಿಯೆಲ್ಲ ಕದ ಕಿಟಕಿಗಳನ್ನು ಬಡಿಯುತ್ತಿರುವಾಗ, ಕೈಪಿಡಿಗೋಡೆಯ ಮೇಲಿಟ್ಟ ಕುಂಡವು ಬೀದಿಗೆ ಬಿದ್ದೀತೇ, ಬಿದ್ದರೆ ಯಾರ ತಲೆಯ ಮೇಲೆ ಬಿದ್ದೀತು ಎಂಬ ಚಿಂತೆ. ಇದು ಉತ್ಪ್ರೇಕ್ಷೆಯಲ್ಲ. ಹನ್ನೆರಡು ಅಂಗುಲದ ಮಣ್ಣಿನ ಕುಂಡವು ನೀರುಂಡ ಮೇಲೆ ಸುಮಾರು 25 ಕಿಲೋಗ್ರಾಂ ತೂಗುತ್ತದೆ. ಆದಕಾರಣ ನಾವು ಗಿಡದ ಮಾತಿಗೆ ಮೊದಲು ಇದೊಂದನ್ನು ಹೇಳಿಬಿಡುತ್ತೇವೆ: ಕೈಪಿಡಿಗೋಡೆಯ ಮೇಲೆ ಯಾವ ಕುಂಡವನ್ನೂ ಇಡಕೂಡದು.

ಹಿತ್ತಿಲಿದ್ದ ಮನೆಗಳು ಹೋಗಿ ಮಹಡಿಯ ಮನೆಗಳು ಬಂದ ಮೇಲೆ, ಪೂಜೆಗೆ ನಾಲ್ಕು ಹೂವು ಕೊಯ್ಯಬೇಕೆನ್ನುವ ಹಿರಿಯರಿಗೆ ಉಳಿದಿರುವ ನೆಲವೆಂದರೆ ಈ ಕುಂಡದೊಳಗಿನ ಒಂದು ಗೇಣು ಮಣ್ಣು ಮಾತ್ರ. ಅದರಲ್ಲಿ ಬೆಳೆದುದು ಒಂದೇ ಗಾಳಿಗೆ ಮುರಿದುಬಿದ್ದರೆ ಅವರಿಗಾಗುವ ವ್ಯಥೆ ಸಣ್ಣದಲ್ಲ. ಗಿಡವನ್ನು ಆರಿಸುವುದರಲ್ಲಿ ತುಸು ವಿವೇಚನೆ ಇದ್ದರೆ ಈ ವ್ಯಥೆಯನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಇಂಗ್ಲಿಷ್ ತೋಟಗಾರಿಕೆಯ ಪುಸ್ತಕಗಳನ್ನು ಓದಿದವರು ಇಲ್ಲಿ ಎಚ್ಚರದಿಂದಿರಬೇಕು. ಅಲ್ಲಿ ಗಟ್ಟಿಗಿಡವೆಂದರೆ ಹಿಮವನ್ನು ತಡೆಯುವ ಗಿಡ. ನಮಗೆ ಹಿಮದ ಭಯವಿಲ್ಲ. ಬಿಸಿಲು, ಗಾಳಿ, ಇವೆರಡೂ ಸೇರಿ ತರುವ ಬಾಯಾರಿಕೆ, ಇವೇ ನಮ್ಮ ಶತ್ರುಗಳು. ಆ ಪುಸ್ತಕಗಳು ಹೊಗಳುವ ಲ್ಯಾವೆಂಡರನ್ನು ತಂದು ಮುಂಗಾರಿನ ತೇವಕ್ಕೆ ಒಪ್ಪಿಸುವುದಕ್ಕಿಂತ, ಚಾಮುಂಡಿಬೆಟ್ಟದ ಕಲ್ಲುನೆಲದಲ್ಲಿ ಯಾರ ಆರೈಕೆಯೂ ಇಲ್ಲದೆ ನಿಂತಿರುವ ಬಂದರಿಕೆಯನ್ನು ಒಮ್ಮೆ ನೋಡುವುದು ಲೇಸು. ಕಿರಿದಾದ ಎಲೆ, ಅದರ ಮೇಲೆ ಅಂಟಂಟಾದ ಲೇಪ, ಬಳುಕುವ ಕೊಂಬೆ: ಗಾಳಿಗೆ ಬೇಕಾದ ಲಕ್ಷಣಗಳೆಲ್ಲ ಅದರಲ್ಲಿವೆ. ಹೂವಿನ ಚೆಲುವಿಲ್ಲವೆಂದು ಜನ ಅದನ್ನು ಬೇಲಿಗೆ ಬಿಟ್ಟಿದ್ದಾರೆ. ಆದರೆ ಪಡುವಣದ ಅಂಚಿನಲ್ಲಿ ನಾಲ್ಕು ಕುಂಡ ಬಂದರಿಕೆಯನ್ನು ಸಾಲಾಗಿಟ್ಟರೆ ಅದರ ಮರೆಯಲ್ಲಿ ಸುಕುಮಾರವಾದ ಗಿಡಗಳೂ ಬದುಕುತ್ತವೆ. ಗಾಳಿಯನ್ನು ಪೂರ್ತಿ ತಡೆಯುವ ಗೋಡೆಗಿಂತ, ಸ್ವಲ್ಪ ತಡೆದು ಸ್ವಲ್ಪ ಬಿಡುವ ಇಂತಹ ಬೇಲಿಯೇ ಮೇಲು. ಗೋಡೆಯನ್ನು ಹಾರಿದ ಗಾಳಿಯು ಅದರ ಹಿಂದೆಯೇ ಸುಳಿಯಾಗಿ ಇಳಿದು ಹೆಚ್ಚು ಹಾನಿ ಮಾಡುತ್ತದೆ.

ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಮಡಿಯಾಗುತ್ತದೆಂಬುದು ಭೌತವಿಜ್ಞಾನದ ಮಾತು. ಬಾಳೆಯ ಎಲೆ ಆಷಾಢದಲ್ಲಿ ಚಿಂದಿಯಾಗುವುದನ್ನೂ, ಅದೇ ಗಾಳಿಯಲ್ಲಿ ಕಣಗಿಲೆಯ ನೀಳವಾದ ಎಲೆ ಸುಮ್ಮನೆ ಹೊರಳುವುದನ್ನೂ ಕಂಡವರಿಗೆ ಬೇರೆ ಪಾಠ ಬೇಕಾಗಿಲ್ಲ. ಕಣಗಿಲೆಯು ಹಳ್ಳಕೊಳ್ಳಗಳ ದಂಡೆಯಲ್ಲಿ ಬೆಳೆದು ಬಂದ ಜಾತಿ. ಬಿಸಿಲಿಗೆ ಬಾಡದು, ಗಾಳಿಗೆ ಮುರಿಯದು, ಪೂಜೆಗೂ ಸಲ್ಲುತ್ತದೆ. ಆದರೆ ಅದರ ಎಲೆ, ತೊಗಟೆ, ಹೂವು, ಬೇರು ಎಲ್ಲವೂ ವಿಷ. ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವ ಮಕ್ಕಳಿರುವ ಮನೆಯಲ್ಲಿ ಅದು ಬೇಡವೇ ಬೇಡ; ಕತ್ತರಿಸಿದ ಕೊಂಬೆಗಳನ್ನು ದನಗಳು ಬರುವಲ್ಲಿ ಎಸೆಯಲೂ ಬಾರದು.

ಅಂತಹ ಮನೆಯವರಿಗೆ ಕಾಗದದ ಹೂವಿದೆ. 1766ರಿಂದ 1769ರವರೆಗೆ ಭೂಪ್ರದಕ್ಷಿಣೆ ಮಾಡಿದ ಫ್ರೆಂಚ್ ನಾವಿಕ ಬೂಗನ್‌ವಿಲನ ಹೆಸರನ್ನು ಹೊತ್ತ ಈ ದಕ್ಷಿಣ ಅಮೆರಿಕದ ಗಿಡವು ನಮ್ಮ ಬಿಸಿಲನ್ನು ತವರಿನಂತೆ ಒಪ್ಪಿಕೊಂಡಿದೆ. ಬೇರಿಗೆ ಇಕ್ಕಟ್ಟಾದಷ್ಟೂ, ನೀರು ಕೊಂಚ ಕಡಿಮೆಯಾದಷ್ಟೂ ಹೂವು ಹೆಚ್ಚು. ಕುಂಡಕ್ಕೆ ಇದಕ್ಕಿಂತ ಒಳ್ಳೆಯ ಗುಣ ಯಾವುದು? ಮುಳ್ಳಿದೆ ಎಂಬುದೊಂದು ಕುಂದು. ದಾಳಿಂಬೆ, ಮದರಂಗಿ, ಕರಿಬೇವುಗಳೂ ಗಾಳಿಗೆ ಬಗ್ಗಿ ಏಳುವಂಥವು. ಕೇಪಳದ ಎಲೆ ದಪ್ಪವಾದುದು, ಗಾಳಿಯನ್ನು ತಾಳುತ್ತದೆ. ಬೇರು ಒಣಗುವುದನ್ನು ಮಾತ್ರ ತಾಳದು. ದಾಸವಾಳ ಎಲ್ಲರಿಗೂ ಪ್ರಿಯವೇ, ಆದರೆ ಬಿರುಗಾಳಿಗೆ ಮೊಗ್ಗುದುರುತ್ತದೆ. ನಂದಿಬಟ್ಟಲ ಹೂವಂತೂ ಉಜ್ಜಿ ಕಪ್ಪಾಗುತ್ತದೆ. ಇವೆರಡನ್ನೂ ಮರೆಯಲ್ಲಿಡಬೇಕು.

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿಬಂದ ಉತ್ಸಾಹದಲ್ಲಿ ಅನೇಕರು ಎದೆಯೆತ್ತರದ ಗಿಡವನ್ನೇ ಕೊಂಡು ತರುತ್ತಾರೆ. ಎತ್ತರದ ಗಿಡ, ಕಿರಿದಾದ ಕುಂಡ: ಇದು ಹಾಯಿ ಕಟ್ಟಿದ ದೋಣಿಯಂತೆ, ಗಾಳಿ ಬಂದೊಡನೆ ಮಗುಚುತ್ತದೆ. ಮೊಳಕಾಲೆತ್ತರದ, ಬುಡದಿಂದಲೇ ಕವಲೊಡೆದ ಗಿಡವನ್ನು ಆರಿಸಿ, ತಳ ಅಗಲವಾದ ಮಣ್ಣಿನ ಕುಂಡದಲ್ಲಿ ನೆಡಬೇಕು. ನೆರಳಿನಲ್ಲಿ ಬೆಳೆಸಿ ಮಾರುವ ಗಿಡವಾದರೆ ಹತ್ತು ಹದಿನೈದು ದಿನ ಮರೆಯಲ್ಲಿಟ್ಟು, ಬಳಿಕ ಬಯಲಿಗೆ ತರುವುದು ಕ್ರಮ. ಊರುಗೋಲನ್ನು ಕೊಡಬಹುದು, ಆದರೆ ಸೆಣಬಿನ ಹುರಿಯಿಂದ ಸಡಿಲವಾಗಿ ಕಟ್ಟಿ. ಅಲುಗಾಡುವ ಕಾಂಡವೇ ದಪ್ಪವಾಗಿ ಬಲಿಯುತ್ತದೆ. ಅಲುಗದಂತೆ ಬಿಗಿದದ್ದು ಕೋಲು ತೆಗೆದ ದಿನವೇ ಬಾಗುತ್ತದೆ.

ಜ್ಯೇಷ್ಠ ಮುಗಿಯುವುದರೊಳಗೆ ಕಣಗಿಲೆ, ಕಾಗದದ ಹೂವುಗಳ ಉದ್ದ ಕೊಂಬೆಗಳನ್ನು ಮೂರನೆಯ ಒಂದು ಪಾಲು ಕತ್ತರಿಸಿ, ಕುಂಡಗಳನ್ನು ಒಂದಕ್ಕೊಂದು ತಾಗುವಂತೆ ಗುಂಪಾಗಿ ನೆಲದ ಮೇಲಿಡಿ. ನೀರಿನ ವಿಷಯದಲ್ಲಿ ಮಾತ್ರ ಆಷಾಢದ ತುಂತುರನ್ನು ನಂಬಬೇಡಿ. ಅದು ಎಲೆಯನ್ನು ತೋಯಿಸುತ್ತದೆ, ಮಣ್ಣಿನೊಳಕ್ಕೆ ಇಳಿಯುವುದಿಲ್ಲ. ಗಾಳಿಯಾದರೋ ಎಲೆಯಿಂದಲೂ ಕುಂಡದ ಮೈಯಿಂದಲೂ ತೇವವನ್ನು ಹೀರುತ್ತಲೇ ಇರುತ್ತದೆ. ಮೋಡ ಕವಿದ ದಿನವಾದರೂ ಬೆರಳನ್ನು ಎರಡು ಅಂಗುಲ ಮಣ್ಣಿಗೆ ಇಳಿಸಿ ನೋಡಿ. ಒಣಗಿದ್ದರೆ ತಳದ ರಂಧ್ರದಿಂದ ನೀರು ಹೊರಡುವವರೆಗೂ ಹೊಯ್ಯಿರಿ.